ಎರಡನೇ ಆರೋಪಿ

ಪತ್ರ ಬಂದದ್ದು ಶನಿವಾರ, ಒಲೆಯ ಮೇಲೆ ಬಂಗುಡೆ ಮೀನಿನ ಸಾರು ಕುದಿಯುವ ಹೊತ್ತಿಗೆ. ಮೂವತ್ತನಾಲ್ಕು ವರ್ಷ ಕಡಬದ ಸುತ್ತಿನ ಊರುಗಳಿಗೆ ಟಪಾಲು ಹಂಚಿ ನಿವೃತ್ತನಾದ ದುಗ್ಗಪ್ಪ, ತನ್ನ ಹೆಸರಿಗೆ ಬಂದ ಪತ್ರವನ್ನು ಬೇಲಿಯ ಹತ್ತಿರವೇ ಒಡೆದು ಓದಿದ. ಓದಿ ಅಲ್ಲಿಯೇ ನಿಂತುಬಿಟ್ಟ. ಒಳಗಿನಿಂದ ಹೆಂಡತಿ ಪ್ರೇಮಾವತಿ ಎರಡು ಸಲ ಕರೆದಳು. ಮೂರನೇ ಸಲಕ್ಕೆ ಸೌಟು ಹಿಡಿದುಕೊಂಡೇ ಅಂಗಳಕ್ಕಿಳಿದಳು.

"ಎಂತ ಉಂಟು ಅದರಲ್ಲಿ? ಹಕ್ಕುಪತ್ರ ಆಯ್ತಾ?"

"ಇಲ್ಲ. ಅರ್ಜಿ ತಿರಸ್ಕಾರ ಆಗಿದೆ."

"ಯಾಕಂತೆ?"

ದುಗ್ಗಪ್ಪ ಕನ್ನಡಕ ಸರಿಮಾಡಿಕೊಂಡು ಓದಿದ. "'ಸ್ಥಳ ತನಿಖೆ ಮಾಡಲಾಗಿ, ಸದರಿ ಮನೆಯಲ್ಲಿ ಯಾರೂ ವಾಸವಿರುವುದು ಕಂಡುಬರುವುದಿಲ್ಲ.'"

ಯಾರೂ ವಾಸವಿಲ್ಲವಂತೆ! ಪ್ರೇಮಾವತಿ ಈ ಮನೆಗೆ ಮದುವೆಯಾಗಿ ಬಂದು ಮೂವತ್ತಾರು ವರ್ಷ. ಸರ್ಕಾರಿ ಜಾಗದ ಹತ್ತು ಸೆಂಟ್ಸಿನಲ್ಲಿ ಅತ್ತೆಮಾವ ಹಾಕಿದ್ದ ಹುಲ್ಲಿನ ಗುಡಿಸಲನ್ನು ಬೀಡಿ ಕಟ್ಟಿ ಕಟ್ಟಿ ಹೆಂಚಿನ ಮನೆ ಮಾಡಿದವಳು ಅವಳು. ಮಗ ಹುಟ್ಟಿದ್ದು ಇಲ್ಲಿ. ಅತ್ತೆಯ ಹೆಣ ಹೊರಟದ್ದು ಇದೇ ಅಂಗಳದಿಂದ. ಅಷ್ಟೇ ಅಲ್ಲ, ಆ ಆರ್‌ಐ, ಅಂದರೆ ಮುಂಡೊಟ್ಟು ನಾಡಕಚೇರಿಯ ಕಂದಾಯ ನಿರೀಕ್ಷಕ, ಸ್ಥಳ ತನಿಖೆಗೆಂದು ಬಂದ ದಿನ ಇದೇ ಜಗಲಿಯಲ್ಲಿ ಕಾಲು ಚಾಚಿ ಕೂತು, ಎರಡು ಲೋಟ ಚಹಾ ಕುಡಿದು, ಹಲಸಿನ ಹಪ್ಪಳ ತಿಂದು, "ಖಾರ ಸ್ವಲ್ಪ ಜಾಸ್ತಿ ಆಯ್ತಮ್ಮ" ಅಂತ ಬೇರೆ ಹೇಳಿ ಹೋಗಿದ್ದ. ಹಾಗಾದರೆ ಹಪ್ಪಳ ಕರಿದದ್ದು ಯಾರು, ದೆವ್ವವಾ?

"ನೀವು ಮೈಕಿನಲ್ಲಿ ಹೇಳಿದ್ದಕ್ಕೆ ಇದು," ಅಂದಳು ಪ್ರೇಮಾವತಿ.

ದುಗ್ಗಪ್ಪ ಪತ್ರ ಮಡಚಿದ. ಹೌದು, ಇದು ಅದಕ್ಕೇ ಬಂದ ಉತ್ತರ. ಆರ್‌ಐ ಇಪ್ಪತ್ತು ಸಾವಿರ ಕೇಳಿದ್ದ. ದುಗ್ಗಪ್ಪ ಕೊಡುವುದಿಲ್ಲ ಎಂದ. ಸುಮ್ಮನಿರುವ ಜಾತಿಯೂ ಅಲ್ಲ ಅವನು. ಕಡಬದ ಪೇಟೆಯಲ್ಲಿ ನಾಗರಿಕರ ಸಮಿತಿಯವರು ಚಪ್ಪರ ಹಾಕಿ ಎರಡು ತಿಂಗಳಿನಿಂದ ಸರದಿ ಧರಣಿ ಕೂತಿದ್ದರು. ಲಂಚ ತಿಂದವರನ್ನು ಹಿಡಿಯಲು ಯಾರ ಹಂಗೂ ಇಲ್ಲದ ಒಂದು ಸಂಸ್ಥೆ ಬೇಕು, ಹಿಡಿದ ಮೇಲೆ ಕೇಸು ನಡೆಸಲು ಸರ್ಕಾರದ ಅನುಮತಿಗೆ ಕಾಯುವ ಕಾನೂನು ಹೋಗಬೇಕು ಎಂಬುದು ಅವರ ಹಕ್ಕೊತ್ತಾಯ. ದುಗ್ಗಪ್ಪನದು ಮಂಗಳವಾರದ ಸರದಿ. ಹೋದ ಮಂಗಳವಾರದ ಹಿಂದಿನ ಮಂಗಳವಾರ ಅವನು ಮೈಕು ಹಿಡಿದು ಆರ್‌ಐಯ ಹೆಸರು, ಹುದ್ದೆ, ಕೇಳಿದ ಮೊತ್ತ ಎಲ್ಲವನ್ನೂ ಪೇಟೆಗೆ ಕೇಳುವಂತೆ ಹೇಳಿದ್ದ.

ಸಂಜೆ ಸೊಸೆ ಸುಪ್ರಿತಾ ಕೆಲಸ ಮುಗಿಸಿ ಬಂದಳು. ಅವಳು ಅದೇ ನಾಡಕಚೇರಿಯಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಚಪ್ಪಲಿ ಕಳಚುವ ಮೊದಲೇ ಅತ್ತೆ ಪತ್ರವನ್ನು ಅವಳ ಮೂಗಿನ ಹತ್ತಿರ ಹಿಡಿದಳು.

"ಈ ಕಾಗದ ಯಾವ ಮಿಷನ್ನಿನಿಂದ ಹೊರಗೆ ಬಂದದ್ದು?"

ಸುಪ್ರಿತಾ ಬ್ಯಾಗನ್ನು ಕೆಳಗಿಟ್ಟಳು. "ನನ್ನದರಿಂದಲೇ, ಅತ್ತೆ."

"ಅಯ್ಯೋ ನಿನ್ನ! ನೀನೇ ಹೊಡೆದದ್ದಾ? ನೀನು ಎಲ್ಲಿ ಮಲಗುದು, ಎಲ್ಲಿ ಉಣ್ಣುದು? ಯಾರೂ ಇಲ್ಲ ಅಂತ ಹೊಡೆಯುವಾಗ ಬೆರಳು ಒಮ್ಮೆ ನಿಲ್ಲಲಿಲ್ವಾ?"

"ಅವರು ಬರೆದು ಕೊಟ್ಟದ್ದನ್ನು ನಾನು ಹೊಡೆಯುದು. ಇಲ್ಲ ಅಂದರೆ ನಾಳೆಯಿಂದ ಬೇರೆ ಹುಡುಗಿ ಬರ್ತಾಳೆ. ಹೇಗಾದರೂ ಸರಿ ಮಾಡಿಸ್ತೇನೆ ಅಂತ ಇದ್ದೆ. ಮಾವ ಮೈಕಿನಲ್ಲಿ ಹಾಗೆ ಕಿರುಚದಿದ್ದರೆ ಆಗಿಯೇ ಬಿಡ್ತಿತ್ತು."

"ಕಿರುಚಿದ್ದಲ್ಲ, ಸತ್ಯ ಹೇಳಿದ್ದು," ಅಂದ ದುಗ್ಗಪ್ಪ ಜಗಲಿಯಿಂದ.

"ಸತ್ಯಕ್ಕೆ ಹಕ್ಕುಪತ್ರ ಸಿಕ್ಕಿತಾ ಮಾವ?"

ಮಗ ಹರ್ಷಿತ್ ಅಷ್ಟರಲ್ಲಿ ಜೀಪು ನಿಲ್ಲಿಸಿ ಬಂದ. ಬೆಳಿಗ್ಗೆಯಿಂದ ನೆಟ್ಟಣದ ಸ್ಟೇಷನ್ನಿಗೂ ಊರಿಗೂ ಬಾಡಿಗೆ ಹೊಡೆದು ಅವನ ಮುಖ ಬೆಂದ ಹಾಗಾಗಿತ್ತು. "ಒಮ್ಮೆ ಊಟ ಹಾಕಿ ಮಾರಾಯ್ರೆ. ಜಗಳ ಓಡಿ ಹೋಗುದಿಲ್ಲ," ಅಂದ. ಊಟ ಹಾಕಿದರು, ಆದರೆ ಆ ದಿನ ಬಂಗುಡೆಗೆ ಉಪ್ಪು ಬಿದ್ದಿರಲಿಲ್ಲ. ಯಾರೂ ಅದನ್ನು ಹೇಳುವ ಧೈರ್ಯ ಮಾಡಲಿಲ್ಲ, ಎಂಟು ವರ್ಷದ ಮೊಮ್ಮಗಳು ತೃಷಾ ಒಬ್ಬಳು ಹೇಳಿ ಬೈಸಿಕೊಂಡಳು.

ಮುಂದಿನ ಮಂಗಳವಾರ ಪ್ರೇಮಾವತಿ ಗಂಡನ ಜೊತೆ ಧರಣಿಗೆ ಹೋದಳು. ಹೋದದ್ದು ನ್ಯಾಯಕ್ಕೂ ಅಲ್ಲ, ಕಾನೂನಿಗೂ ಅಲ್ಲ. ಹೊಟ್ಟೆಯುರಿಗೆ. ಸಮಿತಿಯ ಕಾರ್ಯದರ್ಶಿ ಮಾಯಿಲಪ್ಪ ಮೇಷ್ಟ್ರು ಕೈಬರಹದ ಫಲಕ ಹಿಡಿದು, "ಅನುಮತಿಯ ಗೋಡೆ ಒಡೆಯಲಿ!" ಅಂತ ಕೂಗಿಸುತ್ತಿದ್ದರು. ಹತ್ತು ಹದಿನೈದು ಮಂದಿ ಕೂಗುತ್ತಿದ್ದರು. ಪ್ರೇಮಾವತಿಗೆ ಒಂದೂ ತಲೆಗೆ ಹೋಗಲಿಲ್ಲ. "ಅನುಮತಿ ಗಿನುಮತಿ ಎಲ್ಲ ನಮಗೆ ಎಂತಕ್ಕೆ? ಅವನ ಮುಖಕ್ಕೆ ಮಸಿ ಬಳಿಯುವ ಸಂಗತಿ ಏನಾದರೂ ಉಂಟಾ ನಿಮ್ಮ ಹತ್ರ?" ಅಂತ ಕೇಳಿಯೇಬಿಟ್ಟಳು.

ಉಂಟು ಅಂದಳು ಶಹನಾ. ಪುತ್ತೂರಿನಿಂದ ಬರುವ ವಕೀಲೆ, ಇಪ್ಪತ್ತೊಂಬತ್ತರ ಹುಡುಗಿ, ಸಮಿತಿಯ ಕಾಗದಪತ್ರವೆಲ್ಲ ಅವಳದೇ. ಪ್ರೇಮಾವತಿಯ ಪಕ್ಕ ಕೂತು ಬಿಡಿಸಿ ಹೇಳಿದಳು. ದೂರು ಕೊಟ್ಟರೆ ಲೋಕಾಯುಕ್ತ ಪೊಲೀಸರು ನೋಟಿಗೆ ಒಂದು ಬಿಳಿ ಪುಡಿ ಹಚ್ಚಿ ಕೊಡುತ್ತಾರೆ. ಲಂಚ ಕೇಳಿದವನು ಅದನ್ನು ಮುಟ್ಟಿದರೆ, ಆಮೇಲೆ ಸೋಡಾ ನೀರಿನಲ್ಲಿ ಅವನ ಕೈ ತೊಳೆಸುತ್ತಾರೆ. ನೀರು ಗುಲಾಬಿಯಾಗುತ್ತದೆ. ಅದೇ ಸಾಕ್ಷಿ.

"ಕೈ ಕೆಂಪಾಗ್ತದಾ?"

"ಆಗ್ತದೆ ಪ್ರೇಮಕ್ಕ. ಪುಡಿಯೂ ಸೋಡಾವೂ ಸೇರಿದರೆ ಬಣ್ಣ ಬರುದು. ಸೋಡಾ ಯಾಕೆ, ಎಲೆಯಡಿಕೆಯ ಸುಣ್ಣ ತಾಗಿದರೂ ಬರ್ತದೆ. ಅದಕ್ಕೇ ಹೇಳುದು, ನೋಟು ಹಿಡಿದುಕೊಂಡು ಹೋಗುವವರು ಆ ದಿನ ಎಲೆ ಹಾಕಬಾರದು."

"ಎಲ್ಲರ ಎದುರು ಕೆಂಪಾಗ್ತದಾ?"

ಶಹನಾ ನಕ್ಕಳು. "ನಿಮಗೆ ಅದೇ ಮುಖ್ಯ ಅಲ್ವಾ?"

ಅದೇ ಮುಖ್ಯ. ಜೀಪಿನಲ್ಲಿ ವಾಪಸು ಬರುವಾಗ ದುಗ್ಗಪ್ಪ ಅನುಮತಿಯ ವಿಷಯ ವಿವರಿಸುತ್ತಲೇ ಇದ್ದ. ಸರ್ಕಾರಿ ನೌಕರನನ್ನು ಹಿಡಿದರೂ ಅವನ ಮೇಲಿನವರು ಒಪ್ಪಿಗೆ ಕೊಡುವ ತನಕ ಕೋರ್ಟಿನಲ್ಲಿ ಕೇಸು ನಡೆಯುವುದಿಲ್ಲ, ಅದೇ ನಮ್ಮ ಮುಖ್ಯ ಹೋರಾಟ, ಎಂದೆಲ್ಲ. ಪ್ರೇಮಾವತಿ ಹ್ಞೂಂಗುಟ್ಟಿದಳು. ಅವಳ ಕಣ್ಣೆದುರು ಇದ್ದದ್ದು ಕೆಂಪು ಕೈ ಮಾತ್ರ.

ದೂರು ಕೊಡುವ ಮೊದಲು ಆರ್‌ಐ ಮತ್ತೊಮ್ಮೆ ದುಡ್ಡು ಕೇಳುತ್ತಾನೋ ಎಂದು ನೋಡಬೇಕಿತ್ತು. ಪ್ರೇಮಾವತಿ ತಾನೇ ನಾಡಕಚೇರಿಗೆ ಹೋದಳು. ಮಧ್ಯಾಹ್ನದ ಹೊತ್ತು, ಸುಪ್ರಿತಾ ಊಟಕ್ಕೆ ಎದ್ದಿದ್ದಳು. ಆರ್‌ಐ ಮೇಜಿನ ಹಿಂದೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ಸಾರ್, ನಾವು ಆ ಮನೆಯಲ್ಲೇ ಇರುದು. ನೀವೇ ಬಂದಿದ್ರಿ, ಹಪ್ಪಳ ತಿಂದಿದ್ರಿ."

"ಹೌದಾ? ನೆನಪಿಲ್ಲಮ್ಮ." ಅವನು ಎಲೆ ಮಡಚಿ ಬಾಯಿಗಿಟ್ಟ. "ಹೊಸದಾಗಿ ಅರ್ಜಿ ಹಾಕಿ. ಈ ಸಲ ನೀವು ಇರ್ತೀರಿ. ಆದರೆ ಮೊದಲಿನ ರೇಟಲ್ಲ, ನಿಮ್ಮ ಯಜಮಾನರು ಮೈಕಿನಲ್ಲಿ ನಂಗೆ ಪ್ರಚಾರ ಕೊಟ್ಟಿದ್ದಾರಲ್ಲ? ಮೂವತ್ತು."

"ನಿಮಗೇ ಕೊಡಬೇಕಾ?"

"ಛೆ ಛೆ, ನಾನು ಮುಟ್ಟುದಿಲ್ಲಮ್ಮ ಅದನ್ನೆಲ್ಲ. ಎಲ್ಲರೂ ಕೊಡುದು ನಿಮ್ಮ ಸೊಸೆಯ ಹತ್ರವೇ. ಗೊತ್ತಿಲ್ವಾ ನಿಮಗೆ?" ಅವನು ಮನಸಾರೆ ನಕ್ಕ.

ಹೊರಗೆ ಸಾಲಿನಲ್ಲಿ ನಿಂತಿದ್ದವರಿಗೂ ಕೇಳಿಸಿತು. ಅವರಲ್ಲಿ ಒಬ್ಬಳು ತಲೆ ತಗ್ಗಿಸಿದಳು, ಇನ್ನೊಬ್ಬ ಬೇರೆ ಕಡೆ ನೋಡಿದ. ಅಂದರೆ ಊರಿಗೆಲ್ಲ ಗೊತ್ತು, ಗೊತ್ತಿಲ್ಲದ್ದು ಮನೆಯವರಿಗೆ ಮಾತ್ರ! ಪ್ರೇಮಾವತಿ ಎರಡು ಮೈಲಿ ದಾರಿ ಬಸ್ಸಿಗೂ ಕಾಯದೆ ಆ ಬಿಸಿಲಲ್ಲಿ ನಡೆದೇ ಮನೆಗೆ ಬಂದಳು.

ಆ ಸಂಜೆ ಅವಳು ಗಂಜಿ ಬಡಿಸಿದಳು, ಚಟ್ನಿ ಬಡಿಸಿದಳು, ಸೊಸೆಯ ಬಟ್ಟಲಿಗೆ ಮಾತ್ರ ಬಡಿಸಲಿಲ್ಲ.

"ಇವಳಿಗೆ ಊರಿನವರು ಬಡಿಸ್ತಾರೆ. ಕಚೇರಿಯಲ್ಲಿ ಎಲ್ಲರ ಹತ್ರ ವಸೂಲಿ ಮಾಡುದು ಇವಳೇ ಅಂತೆ."

ಹರ್ಷಿತ್‌ನ ತುತ್ತು ಕೈಯಲ್ಲೇ ಉಳಿಯಿತು. "ಎಂತ ಹೇಳುದು ಅವ್ವ?"

"ನಿನ್ನ ಹೆಂಡತಿಯನ್ನೇ ಕೇಳು."

ಸುಪ್ರಿತಾ ಅತ್ತಳು, ಆದರೆ ಅಳುತ್ತ ಸುಮ್ಮನಾಗುವ ಪೈಕಿಯಲ್ಲ. "ಹೌದು, ತಗೊಳ್ತೇನೆ. ಕವರು ಡ್ರಾಯರಿನಲ್ಲಿ ಇಡ್ತೇನೆ, ಸಂಜೆ ಅವರ ಬ್ಯಾಗಿಗೆ ಹಾಕ್ತೇನೆ. ಒಂದು ರೂಪಾಯಿ ನಾನು ಮುಟ್ಟಿದ್ದಿಲ್ಲ. ನಿಮ್ಮ ಮನೆಯ ಫೈಲು ದುಡ್ಡಿಲ್ಲದೆ ಮಾಡಿಕೊಡ್ತೇನೆ ಅಂದಿದ್ರು, ಅದಕ್ಕೆ ಒಪ್ಪಿದ್ದು. ವರ್ಷ ಆಯ್ತು. ಯಾರಿಗಾಗಿ ಅತ್ತೆ? ನನಗೆ ತವರುಮನೆ ಉಂಟು ಸುಳ್ಯದಲ್ಲಿ. ಈ ಮನೆಗಾಗಿಯೇ ಮಾಡಿದ್ದು."

"ಮತ್ತೆ ಮಾಡಿಕೊಟ್ಟನಾ?"

"ಮಾವ ಮೈಕು ಹಿಡಿದ ಮರುದಿನ ನನ್ನನ್ನು ಎದುರಿಗೆ ನಿಲ್ಲಿಸಿ ಆ ಪತ್ರ ಹೊಡೆಸಿದರು. ನಗ್ತಾ ಇದ್ರು. ನಂಗೆ ಅವರ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬಂದಿತ್ತು."

ಪ್ರೇಮಾವತಿ ಸೊಸೆಯ ಮುಖ ನೋಡಿದಳು. ಮದುವೆಯಾದಾಗಿನಿಂದ ಒಂಬತ್ತು ವರ್ಷದಲ್ಲಿ ಇಬ್ಬರಿಗೂ ಒಂದೇ ಸಿಟ್ಟು ಬಂದದ್ದು ಇದೇ ಮೊದಲು. ಅವಳು ಸೌಟೆತ್ತಿ ಗಂಜಿ ಬಡಿಸಿದಳು.

"ಉಣ್ಣು. ಅವನನ್ನು ಹಿಡಿಯುವ ದಾರಿ ಹೇಳು."

"ಕಷ್ಟ ಉಂಟು. ನೋಟು ಕೈಯಲ್ಲಿ ಮುಟ್ಟುದೇ ಇಲ್ಲ ಅವರು." ಸುಪ್ರಿತಾ ಮೂಗು ಒರೆಸಿಕೊಂಡು ಯೋಚಿಸಿದಳು. "ವೀಳ್ಯ ಮಾತ್ರ ಮುಟ್ತಾರೆ. ನಮ್ಮ ಕಡೆಯ ಹಿರಿಯರು ಯಾರಾದರೂ ಐದೆಲೆ ಒಂದು ಅಡಿಕೆ ಇಟ್ಟು ಕೊಟ್ಟರೆ ಎದ್ದು ನಿಂತು ಎರಡು ಕೈಯಲ್ಲಿ ತಗೊಳ್ತಾರೆ. ವೀಳ್ಯ ಬೇಡ ಅಂದವರ ಮನೆ ಉದ್ಧಾರ ಆಗುದಿಲ್ಲ ಅಂತ ಭಾರಿ ಹೆದರಿಕೆ ಅವರಿಗೆ. ತಗೊಂಡು ಅಲ್ಲಿಯೇ ಒಂದೆಲೆ ಹಾಕಿಯೂ ಹಾಕ್ತಾರೆ."

ದುಗ್ಗಪ್ಪನಿಗೆ ಇದು ಹಿಡಿಸಲಿಲ್ಲ. ವೀಳ್ಯ ಕೊಡುವುದು ಮದುವೆಗೆ, ದೈವದ ಕೆಲಸಕ್ಕೆ, ಮಾತು ಕೊಡುವುದಕ್ಕೆ. ಅದರಡಿಯಲ್ಲಿ ಮೋಸ ಇಡಬಾರದು ಎಂದ. "ನಮ್ಮನ್ನು ಬದುಕಿದ್ದಾಗಲೇ ಇಲ್ಲ ಅಂತ ಬರೆದವನಿಗೆ ವೀಳ್ಯದ ಮರ್ಯಾದೆ ಬೇರೆಯಾ? ನೀವು ನಿಮ್ಮ ಚಪ್ಪರದಲ್ಲಿ ಕೂತುಕೊಳ್ಳಿ," ಅಂದಳು ಪ್ರೇಮಾವತಿ.

ಶಹನಾ ಮನೆಗೇ ಬಂದಳು. ಎಲ್ಲ ಕೇಳಿ, ಪೆನ್ನು ಮುಚ್ಚಿ, ಒಂದು ಮಾತು ಹೇಳಿದಳು. "ಆತುರ ಬೇಡ. ಮೊದಲು ಸುಪ್ರಿತಾ ತಾನಾಗಿಯೇ ಹೋಗಿ ಹೇಳಿಕೆ ಕೊಡಲಿ, ಇಂಥಾ ಒತ್ತಡದಿಂದ ದುಡ್ಡು ತಗೊಳ್ತಾ ಇದ್ದೆ ಅಂತ. ಅದು ಬರಹದಲ್ಲಿ ಬಂದರೆ ಅವಳು ಸಾಕ್ಷಿ ಆಗ್ತಾಳೆ. ಅದಿಲ್ಲದೆ ಹಿಡಿದರೆ ಅವಳೂ ಆರೋಪಿಯೇ. ಹದಿನೈದು ದಿನ ಕೊಡಿ ನಂಗೆ."

ಹದಿನೈದು ದಿನ ಅಂತ ಒಪ್ಪಿದರು. ಏಳನೇ ದಿನ ಹರ್ಷಿತ್ ಸುದ್ದಿ ತಂದ. ಆರ್‌ಐಗೆ ವರ್ಗ ಆಗಿದೆ, ಭಡ್ತಿಯ ಮೇಲೆ, ಬೇರೆ ಜಿಲ್ಲೆಗೆ. ಶುಕ್ರವಾರ ಬೀಳ್ಕೊಡುಗೆ, ಶಾಮಿಯಾನಕ್ಕೆ ಹೇಳಿಯಾಗಿದೆಯಂತೆ.

ಭಡ್ತಿ! ಪ್ರೇಮಾವತಿಗೆ ಬೀಡಿಯ ಎಲೆ ಕತ್ತರಿಸುತ್ತಿದ್ದ ಕತ್ತರಿ ಬೆರಳಿಗೇ ತಾಗಿತು. ಹಾರ ಹಾಕಿಸಿಕೊಂಡು, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು ಹೋಗುತ್ತಾನೆ ಅವನು. ಹೊಸ ಊರಿನಲ್ಲಿ ಇನ್ನೆಷ್ಟು ಮನೆಗಳಲ್ಲಿ ಯಾರೂ ಇಲ್ಲ ಅಂತ ಬರೆಯುತ್ತಾನೋ! ಅವಳು ರಕ್ತ ಒರೆಸಿಕೊಳ್ಳುತ್ತಲೇ ಶಹನಾಳಿಗೆ ಫೋನು ಮಾಡಿದಳು.

"ನಾಳೆಯೇ ದೂರು ಕೊಡುವ."

"ಸುಪ್ರಿತಾಳ ಹೇಳಿಕೆ ಆಗಲಿಲ್ಲ ಪ್ರೇಮಕ್ಕ. ಅಫಿಡವಿಟ್ ಸಿದ್ಧ ಆಗ್ತಾ ಉಂಟಷ್ಟೆ."

"ನೀನು ಬಂದರೆ ಬಾ. ಇಲ್ಲದಿದ್ದರೆ ನಾನು ಮಂಗಳೂರು ಬಸ್ಸು ಹತ್ತಿ ಒಬ್ಬಳೇ ಹೋಗ್ತೇನೆ. ನಂಗೆ ಬಾಯಿ ಉಂಟು."

ಶಹನಾ ತುಂಬ ಹೊತ್ತು ವಾದಿಸಿದಳು. ಕೊನೆಗೆ, "ಹಾಗಾದರೆ ಒಂದು ಕೆಲಸ ಮಾಡಿ. ಹಿಡಿಯುವ ದಿನ ಸುಪ್ರಿತಾ ಕಚೇರಿಯಲ್ಲಿ ಇರಬಾರದು. ಜ್ವರ ಅಂತ ರಜೆ ಹಾಕಿಸಿ. ಇದನ್ನಾದರೂ ಮಾಡಿ, ಪ್ರೇಮಕ್ಕ," ಅಂದಳು.

"ಆಯ್ತು," ಅಂದಳು ಪ್ರೇಮಾವತಿ.

ಮಾಡಲಿಲ್ಲ. ಹುಡುಗಿ ರಜೆ ಹಾಕಿದರೆ ಆ ಗುಳ್ಳೆನರಿಗೆ ವಾಸನೆ ಹತ್ತುತ್ತದೆ ಎಂದು ಅವಳಿಗೆ ಅನಿಸಿತು. ಹೇಳಿದರೆ ಸೊಸೆಯ ಮುಖದಲ್ಲೇ ಗೊತ್ತಾಗಿಬಿಡಬಹುದು ಎಂದೂ ಅನಿಸಿತು. ದೂರು ಕೊಟ್ಟಾಗಿತ್ತು, ಹಿಡಿಯುವುದು ಗುರುವಾರ. ಆ ಬೆಳಿಗ್ಗೆ ಸುಪ್ರಿತಾ ಬುತ್ತಿ ಕಟ್ಟುವಾಗ ಪ್ರೇಮಾವತಿ ಬಾಯಿ ತೆರೆದಳು, ಮುಚ್ಚಿದಳು, ಬುತ್ತಿಗೆ ಇನ್ನೊಂದು ತುಂಡು ಮೀನು ಹಾಕಿದಳು.

"ಎಂತ ಅತ್ತೆ ಇವತ್ತು, ನನ್ನ ಮೇಲೆ ಇಷ್ಟು ಪ್ರೀತಿ?"

"ತಿನ್ನು, ಸಪೂರ ಆಗಿದ್ದೀ."

ಹನ್ನೆರಡೂವರೆಗೆ ಪ್ರೇಮಾವತಿ ನಾಡಕಚೇರಿಯ ಮೆಟ್ಟಿಲು ಹತ್ತಿದಳು. ಹಿಂದೆ ಸಾಕ್ಷಿಯಾಗಿ ಪೊಲೀಸರು ಕರೆತಂದ ಒಬ್ಬ ಗಂಡಸು, ಅವಳ ಸೋದರನ ಹಾಗೆ. ಕುಪ್ಪಸದೊಳಗೆ ಮಾತು ಹಿಡಿಯುವ ಪುಟ್ಟ ಯಂತ್ರ. ಕೈಯಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ಐದೆಲೆ, ಒಂದು ಅಡಿಕೆ, ಎಲೆಯಡಿಯಲ್ಲಿ ಪುಡಿ ಹಚ್ಚಿದ ನೋಟು. ಸುಪ್ರಿತಾ ಕಂಪ್ಯೂಟರಿನ ಹಿಂದಿನಿಂದ ಅತ್ತೆಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಅವಳಿಗೆ ಆ ಕ್ಷಣದಲ್ಲೇ ಎಲ್ಲವೂ ತಿಳಿಯಿತು. ಎದ್ದು ಹೋಗಲು ಹೊತ್ತಿರಲಿಲ್ಲ.

"ಓಹೋ, ವೀಳ್ಯ ಬೇರೆ!" ಅಂದ ಆರ್‌ಐ.

"ನಾಳೆ ಹೋಗ್ತೀರಂತೆ. ಹಿರಿಯಳು ನಾನು, ಬರಿಗೈಯಲ್ಲಿ ಕಳಿಸುದು ಹೇಗೆ? ನೀವು ಹೇಳಿದ ಮೂವತ್ತೂ ಉಂಟು. ಹೊಸ ಅರ್ಜಿಗೆ ಸೈನು ಹಾಕಿಯೇ ಹೋಗಬೇಕು."

"ಅದು ಅವಳ ಹತ್ರ..." ಎಂದವನು ತಟ್ಟೆಯನ್ನು ನೋಡಿ ತಡೆದ. ಪ್ರೇಮಾವತಿ ತಟ್ಟೆ ಚಾಚಿಕೊಂಡೇ ನಿಂತಿದ್ದಳು. ಅವನು ಎದ್ದ, ಎರಡೂ ಕೈ ಒಡ್ಡಿದ. ಎಲೆಯೂ ನೋಟೂ ಒಟ್ಟಿಗೆ ಅವನ ಬೊಗಸೆಗೆ ಬಂದವು. ನೋಟನ್ನು ಫೈಲಿನೊಳಗೆ ತೂರಿಸಿ, "ಸೈನಿಗೆ ಚಿಂತೆ ಮಾಡಬೇಡಿ," ಎಂದು ಕೂತು, ಅಭ್ಯಾಸದಂತೆ ಡಬ್ಬಿ ತೆರೆದು ತೋರುಬೆರಳಿನಿಂದ ಸುಣ್ಣ ತೆಗೆದ.

ಬೆರಳು ಕೆಂಪಾಯಿತು. ದಾಸವಾಳವನ್ನು ಹಿಸುಕಿದ ಹಾಗೆ, ಕಡು ಗುಲಾಬಿ. ಅವನು ಅದನ್ನು ನೋಡಿದ, ಒರೆಸಿದ, ಒರೆಸಿದಷ್ಟೂ ಅದು ಅಂಗೈಗೆಲ್ಲ ಹರಡಿತು. ಸಾಲಿನಲ್ಲಿ ನಿಂತವರು ಕತ್ತು ಚಾಚಿದರು.

"ನೋಡಿ! ಎಲ್ಲರೂ ನೋಡಿ ಇವನ ಕೈ!" ಪ್ರೇಮಾವತಿ ಕೂಗಿದಳು. "ನಮ್ಮ ಮನೆಯಲ್ಲಿ ಯಾರೂ ಇಲ್ಲ ಅಂತ ಬರೆದ ಕೈ ಇದು!"

ಅಬ್ಬಾ, ಎಂಥ ಸುಖ ಅದು! ಮೈಯ ಉರಿಗೆ ಯಾರೋ ತಣ್ಣೀರು ಸುರಿದ ಹಾಗೆ. ಪೊಲೀಸರು ನುಗ್ಗಿದರು, ಬಾಗಿಲು ಹಾಕಿದರು, ಗಾಜಿನ ಲೋಟದಲ್ಲಿ ಸೋಡಾ ನೀರು ಬಂತು, ನೀರೂ ಗುಲಾಬಿಯಾಯಿತು. ಆರ್‌ಐಯ ಮುಖ ಬೂದಿಯಾಗಿತ್ತು. ಅವನು ಮೊದಲು ಆಡಿದ ಮಾತು, "ಎಲ್ಲ ಆ ಹುಡುಗಿಯದು ಸಾರ್. ವಸೂಲಿ ಮಾಡುದು ಅವಳು. ಅವಳ ಡ್ರಾಯರು ನೋಡಿ."

ನೋಡಿದರು. ಆ ದಿನದ ನಾಲ್ಕು ಕವರುಗಳು ಅಲ್ಲಿದ್ದವು, ಪ್ರತಿಯೊಂದರ ಮೇಲೂ ಸುಪ್ರಿತಾಳ ದುಂಡು ಅಕ್ಷರದಲ್ಲಿ ಅರ್ಜಿದಾರರ ಹೆಸರು. ಪಂಚನಾಮೆ ಬರೆಯುವವನು ಅವಳ ಹೆಸರು ಕೇಳಿದ, ವಯಸ್ಸು ಕೇಳಿದ, ಗಂಡನ ಹೆಸರು ಕೇಳಿದ. ಅವಳು ಒಂದೊಂದಕ್ಕೂ ಉತ್ತರ ಕೊಡುತ್ತ ಪ್ರೇಮಾವತಿಯನ್ನೇ ನೋಡುತ್ತಿದ್ದಳು. ಪ್ರೇಮಾವತಿ ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು.

ಆ ವಾರ ಪೇಟೆಯಲ್ಲಿ ಪ್ರೇಮಾವತಿಯದೇ ಮಾತು. ಮಾಯಿಲಪ್ಪ ಮೇಷ್ಟ್ರು ಚಪ್ಪರದಲ್ಲಿ ಶಾಲು ಹೊದಿಸುತ್ತೇವೆ ಎಂದರು. ಅವಳು ಹೋಗಲಿಲ್ಲ. ಸುಪ್ರಿತಾಳಿಗೆ ಜಾಮೀನು ಸಿಕ್ಕಿತು, ಕೆಲಸ ಹೋಯಿತು. ಮನೆಗೆ ಬಂದವಳು ಜಗಲಿಯಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದಳು.

"ರಜೆ ಹಾಕಿಸಿ ಅಂತ ಶಹನಾ ಹೇಳಿದ್ದಳಂತೆ. ಹೌದಾ ಅತ್ತೆ?"

"ಹೌದು."

"ಮತ್ತೆ ಯಾಕೆ ಹೇಳಲಿಲ್ಲ?"

"ಅವನು ತಪ್ಪಿಸಿಕೊಳ್ತಾನೆ ಅಂತ ಹೆದರಿದೆ."

"ನಾನು ಸಿಕ್ಕಿಬೀಳ್ತೇನೆ ಅಂತ ಹೆದರಿಕೆ ಆಗಲಿಲ್ಲ ನಿಮಗೆ."

ಅವಳು ಜೋರು ಮಾಡಲಿಲ್ಲ. ಜೋರು ಮಾಡಿದ್ದು ಹರ್ಷಿತ್. "ಹಗೆ ತೀರಿತಲ್ಲ ಅವ್ವ, ಇನ್ನು ಪಾಯಸ ಮಾಡಿ ಉಣ್ಣಿ," ಎಂದು ಬಟ್ಟಲು ತಳ್ಳಿ ಎದ್ದುಹೋದ. ಅಂದಿನಿಂದ ತಾಯಿ ಬಡಿಸಿದ್ದನ್ನು ಅವನು ಉಣ್ಣಲಿಲ್ಲ. ನೆಟ್ಟಣದ ಹೋಟೆಲಿನಲ್ಲಿ ತಿಂದು ಬರುತ್ತಿದ್ದ, ಇಲ್ಲವೇ ಹೆಂಡತಿ ಬಡಿಸಬೇಕಿತ್ತು. ದುಗ್ಗಪ್ಪ ಒಂದು ದಿನ ಮಗನನ್ನು ತಡೆದು, "ಅವಳು ತಪ್ಪು ಮಾಡಿದ್ದು ಹೌದು, ಆದರೆ ಕಳ್ಳ ಅವನಲ್ವಾ?" ಎಂದ. "ಕಳ್ಳ ಎಲ್ಲಿದ್ದಾನೆ ಅಪ್ಪ? ಅಮಾನತು ಅಂತ ಹೇಳಿ ಮನೆಯಲ್ಲಿ ಕೂತು ಅರ್ಧ ಸಂಬಳ ತಗೊಳ್ತಾ ಇದ್ದಾನೆ. ನನ್ನ ಹೆಂಡತಿ ಬೀಡಿ ಕಟ್ತಾ ಇದ್ದಾಳೆ," ಎಂದ ಹರ್ಷಿತ್.

ಅದೂ ನಿಜವೇ. ಅತ್ತೆಯೂ ಸೊಸೆಯೂ ಈಗ ಒಂದೇ ಮೊರದ ಎರಡು ಬದಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಸುಪ್ರಿತಾಳ ಬೆರಳಿಗೆ ಅಭ್ಯಾಸವಿಲ್ಲ, ಕಟ್ಟಿದ್ದರಲ್ಲಿ ಅರ್ಧಕ್ಕರ್ಧ ಬೀಡಿ ಅಂಗಡಿಯಿಂದ ವಾಪಸು ಬರುತ್ತಿದ್ದವು. ಪ್ರೇಮಾವತಿ ಏನೂ ಹೇಳದೆ ಅವನ್ನು ಬಿಚ್ಚಿ ತಾನು ಮತ್ತೆ ಕಟ್ಟಿ ಸೊಸೆಯ ಕಟ್ಟಿಗೆ ಸೇರಿಸುತ್ತಿದ್ದಳು. ಸೊಸೆ ಅದನ್ನು ನೋಡಿಯೂ ನೋಡದ ಹಾಗಿರುತ್ತಿದ್ದಳು.

ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಹೊಸ ಆರ್‌ಐ ಬಂದು ಮನೆ ನೋಡಿ ಹೋದ. ತಿಂಗಳೊಳಗೆ ಹಕ್ಕುಪತ್ರವೂ ಕೈಗೆ ಬಂತು. ದುಗ್ಗಪ್ಪ ಅದನ್ನು ಮೇಜಿನ ಮೇಲಿಟ್ಟ. ಯಾರೂ ಮುಟ್ಟಲಿಲ್ಲ, ಮೂರು ದಿನವಾದ ಮೇಲೆ ತೃಷಾ ಅದನ್ನು ಎತ್ತಿ ಅಜ್ಜಿಯ ಟ್ರಂಕಿನಲ್ಲಿ ಹಾಕಿದಳು.

ನವೆಂಬರಿನಲ್ಲಿ ಸುಪ್ರಿತಾಳಿಗೆ ಸಮನ್ಸ್ ಬಂತು. ಆರ್‌ಐಗೆ ಬರಲಿಲ್ಲ. ಅವನ ಅಮಾನತು ತೆರವಾಗಿ ಅವನು ಬೇರೆ ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿಯೂ ಆಗಿತ್ತು. ಪ್ರೇಮಾವತಿ 'ಇದೆಂಥ ಲೆಕ್ಕ' ಎಂದು ಶಹನಾಳ ಮೇಲೆ ಹರಿಹಾಯ್ದಳು.

"ಅವರು ಸರ್ಕಾರಿ ನೌಕರ, ಪ್ರೇಮಕ್ಕ. ಅವರ ಮೇಲೆ ಕೇಸು ನಡೆಸಲಿಕ್ಕೆ ಸರ್ಕಾರದ ಅನುಮತಿ ಬೇಕು. ಕಡತ ಹೋಗಿ ಆರು ತಿಂಗಳಾಯ್ತು, ಅಲ್ಲಿ ಕೂತಿದೆ. ಸುಪ್ರಿತಾ ಹೊರಗುತ್ತಿಗೆ. ಅವಳಿಗೆ ಯಾರ ಅನುಮತಿಯೂ ಬೇಡ ಅಂತ ಅವಳ ಮೇಲೆ ಮೊದಲು ಚಾರ್ಜ್‌ಶೀಟು ಹಾಕಿದ್ದಾರೆ."

"ಕೆಂಪಾದದ್ದು ಅವನ ಕೈ ಅಲ್ವಾ?"

"ಹೌದು."

"ನಾನೇ ನೋಡಿದ್ದಲ್ವಾ?"

"ಊರೇ ನೋಡಿದೆ, ಪ್ರೇಮಕ್ಕ."

ಮಂಗಳೂರಿನ ಕೋರ್ಟಿಗೆ ಅತ್ತೆಸೊಸೆ ಇಬ್ಬರೇ ಹೋದರು. ಹರ್ಷಿತ್‌ಗೆ ಬಾಡಿಗೆ ಬಿಡಲಿಕ್ಕಾಗಲಿಲ್ಲ, ವಕೀಲರ ಖರ್ಚಿಗೆ ಅದೇ ಆಧಾರ. ಹೆಸರು ಕರೆಯುವಾಗ ಗುಮಾಸ್ತ ಮೊದಲು ಆರ್‌ಐಯ ಹೆಸರು ಓದಿದ. ಸರ್ಕಾರಿ ವಕೀಲರು ಎದ್ದು, ಒಂದನೇ ಆರೋಪಿಯ ವಿಷಯದಲ್ಲಿ ಅನುಮತಿ ಬಾಕಿ ಇದೆ ಸ್ವಾಮಿ, ಎಂದರು. ಎರಡನೇ ಆರೋಪಿ ಹಾಜರಿದ್ದಾರೆಯೇ ಎಂದು ನ್ಯಾಯಾಧೀಶರು ಕೇಳಿದರು. ಸುಪ್ರಿತಾ ಸೆರಗು ಎಳೆದುಕೊಂಡು ಒಬ್ಬಳೇ ಹೋಗಿ ಕಟಕಟೆಯಲ್ಲಿ ನಿಂತಳು. ಇಬ್ಬರು ನಿಲ್ಲುವಷ್ಟು ಅಗಲವಿತ್ತು ಅದು. ಬೆಂಚಿನ ಮೇಲೆ ಕೂತಿದ್ದ ಪ್ರೇಮಾವತಿಗೆ ದುಃಖಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಸಿಟ್ಟು ಈಗ ಅವನೊಬ್ಬನ ಮೇಲಿರಲಿಲ್ಲ. ಮೊದಲ ಪಾಲು ತನ್ನ ಮೇಲೆಯೇ ಇತ್ತು.

ವಾಪಸು ಬಸ್ಸಿನಲ್ಲಿ ಉಪ್ಪಿನಂಗಡಿ ದಾಟಿದ ಮೇಲೆ ಸುಪ್ರಿತಾ ಕಿಟಕಿಯ ಕಡೆ ನೋಡುತ್ತ ಹೇಳಿದಳು. "ಇನ್ನು ಎಂಟು ದಿನ ಕಾಯಬೇಕಿತ್ತು ಅತ್ತೆ, ಅಷ್ಟೆ. ನಾನು ಸಾಕ್ಷಿ ಆಗ್ತಿದ್ದೆ."

"ಹೌದು ಮಗಳೆ. ನನ್ನ ತಪ್ಪು."

"ನಿಮ್ಮ ತಪ್ಪು ಅಂತ ನೀವು ಹೇಳಿದರೆ ನನ್ನ ಹೆಸರು ಅಳಿಸ್ತಾರಾ?"

ಕಡಬ ಪೇಟೆಯಲ್ಲಿ ಬಸ್ಸು ನಿಂತಾಗ ಪ್ರೇಮಾವತಿ ಎದ್ದಳು. "ನೀನು ಹೋಗು. ತೃಷಾ ಶಾಲೆಯಿಂದ ಬರುವ ಹೊತ್ತಾಯ್ತು," ಅಂದು ಇಳಿದಳು. ಸೊಸೆ ಎಲ್ಲಿಗೆ ಎಂದು ಕೇಳಲಿಲ್ಲ. ಬಸ್ಸು ಮುಂದೆ ಹೋಯಿತು.

ಧರಣಿಯ ಚಪ್ಪರದಲ್ಲಿ ಆ ಮಧ್ಯಾಹ್ನ ಐದೇ ಮಂದಿ. ತಗಡಿನ ಕಾವಿಗೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದ ಮಾಯಿಲಪ್ಪ ಮೇಷ್ಟ್ರು ಅವಳನ್ನು ನೋಡಿ ಎದ್ದರು.

"ಬನ್ನಿ ಪ್ರೇಮಕ್ಕ. ಇವತ್ತು ಗುರುವಾರ, ದುಗ್ಗಣ್ಣನ ಸರದಿ ಅಲ್ಲವಲ್ಲ?"

"ನನ್ನ ಹೆಸರು ಬರೆಯಿರಿ. ದಿನಾ ಬರ್ತೇನೆ. ಬೀಡಿಯ ಮೊರ ಇಲ್ಲಿಗೇ ತರ್ತೇನೆ."

"ಎಷ್ಟು ದಿನ ಅಂತ ಬರೆಯುದು?"

"ಅವನನ್ನು ತಂದು ನನ್ನ ಸೊಸೆಯ ಪಕ್ಕದಲ್ಲಿ ನಿಲ್ಲಿಸುವ ತನಕ."

ಮೇಷ್ಟ್ರು ಪುಸ್ತಕ ತೆರೆದು ಬರೆದುಕೊಂಡರು. ಪ್ರೇಮಾವತಿ ಚಾಪೆಯ ಮೇಲೆ ಮೊದಲ ಸಾಲಿನಲ್ಲಿ, ರಸ್ತೆಗೆ ಮುಖ ಮಾಡಿ ಕೂತಳು. ಚಪ್ಪಲಿಯನ್ನು ಪಕ್ಕದಲ್ಲಿ ಇಟ್ಟುಕೊಂಡಳು.

"ಮೇಷ್ಟ್ರೆ, ನೀವು ಆ ಅನುಮತಿದ್ದು ಎಂತದೋ ಒಂದು ಕೂಗ್ತಿದ್ರಲ್ಲ."

"ಹೌದು."

"ಅದನ್ನು ನಂಗೆ ಸರಿಯಾಗಿ ಹೇಳಿಕೊಡಿ."

ಅವರು ಹೇಳಿಕೊಟ್ಟರು. ಅವಳು ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. ಎರಡನೇ ಸಲ ಅವಳು ಕೂಗಿದ ಜೋರಿಗೆ ಎದುರಿನ ಜೀಪ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಹರ್ಷಿತ್ ತಿರುಗಿ ನೋಡಿದ.